68ರ ಚಾರ್ಜರ್: ಹಳೇ ಮೀಟರೆಲ್ಲ ಕಿತ್ತು ಹೊಸ ಕಿಟ್ ಹಾಕಲಾ, ಇದ್ದದ್ದನ್ನೇ ಸರಿ ಮಾಡಲಾ?

ಚಾರ್ಜರ್68
ಎಲ್ಲರಿಗೂ ನಮಸ್ಕಾರ. ಗಾಡಿ 1968ರ ಡಾಜ್ ಚಾರ್ಜರ್, 383 ಇಂಜಿನ್, ನಾಲ್ಕು ಬ್ಯಾರೆಲ್ ಕಾರ್ಬುರೇಟರ್, 727 ಟಾರ್ಕ್‌ಫ್ಲೈಟ್ ಗೇರ್‌ಬಾಕ್ಸ್. ತಗಡು ಕೆಲಸ, ಪೇಂಟ್ ಎಲ್ಲ ಮುಗೀತು. ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಿ, ಮೀಟರ್ ಕೂರೋ ಚೌಕಟ್ಟಿಗೂ ಪೌಡರ್ ಕೋಟಿಂಗ್ ಮಾಡಿಸಿ ವಾಪಸ್ ಕೂರಿಸಿದೆ. ನೋಡೋಕೆ ಕಣ್ಣು ಕುಕ್ಕುತ್ತೆ. ಆದರೆ ಮೀಟರ್‌ಗಳು ಹುಚ್ಚು ಹಿಡಿದ ಹಾಗೆ ಆಡ್ತಿವೆ.

ಟ್ಯಾಂಕಲ್ಲಿ ಕಾಲು ಭಾಗ ಪೆಟ್ರೋಲ್ ಇದ್ದರೂ ಮುಳ್ಳು ಫುಲ್ ದಾಟಿ ನಿಲ್ಲುತ್ತೆ. ಟೆಂಪರೇಚರ್ ಮುಳ್ಳು ಎರಡೇ ನಿಮಿಷದಲ್ಲಿ ಕೊನೆ ಮುಟ್ಟುತ್ತಿತ್ತು, ಮೊನ್ನೆಯಿಂದ ಅಲ್ಲಾಡೋದೇ ಇಲ್ಲ. ಬ್ಯಾಟರಿಗೆ ಹೋಗಿ ಬರೋ ಕರೆಂಟ್ ತೋರಿಸೋ ಆಮ್ಮೀಟರಿನ ಮುಳ್ಳು ಚಳಿ ಹಿಡಿದವರ ಹಾಗೆ ನಡುಗುತ್ತೆ. ಸ್ಪೀಡೋಮೀಟರ್ ಜಾಸ್ತಿ ತೋರಿಸುತ್ತೆ: ಫೋನಿನ ಜಿಪಿಎಸ್ 60 ಮೈಲಿ ಅಂದರೆ ಇದು 73ರ ಹತ್ತಿರ. ಗಡಿಯಾರ ನಾನು ಗಾಡಿ ತಗೊಂಡಾಗಲೇ ಸತ್ತಿತ್ತು.

ಸಾಕಾಗಿದೆ. ಹಳೇ ಮುಖದ ಹಾಗೇ ಕಾಣೋ, ಒಳಗೆ ಪೂರ್ತಿ ಎಲೆಕ್ಟ್ರಾನಿಕ್ ಆಗಿರೋ ಕಿಟ್‌ಗಳು ಸಿಗ್ತವಲ್ಲ, ಅದನ್ನೇ ಹಾಕಿಬಿಡೋಣ ಅಂತಿದೀನಿ. ಹಾಕಿದವರು ಹೇಳಿ.

ಬಿಗ್‌ಬ್ಲಾಕ್
ಯೋಚನೆ ಮಾಡಬೇಡಿ, ಹಾಕಿಬಿಡಿ. ನನ್ನ 70ರ ಶೆವ್ರೊಲೆ ಶೆವೆಲ್‌ಗೆ ಡಕೋಟಾ ಡಿಜಿಟಲ್ ಕಿಟ್ ಹಾಕಿ ನಾಲ್ಕು ವರ್ಷ ಆಯ್ತು. ಡ್ಯಾಶ್ ಹಿಂದೆ ಒಂದು ಕಂಟ್ರೋಲ್ ಬಾಕ್ಸ್, ಎಲ್ಲ ಸೆನ್ಸರ್ ವೈರೂ ಅದಕ್ಕೇ, ಅಲ್ಲಿಂದ ಮೀಟರ್‌ಗೆ ಒಂದು ಕೇಬಲ್. ಮುಳ್ಳು ಸ್ಟೆಪ್ಪರ್ ಮೋಟರ್ ಮೇಲೆ ಓಡುತ್ತೆ, ನಡುಗೋ ಮಾತೇ ಇಲ್ಲ. ರಾತ್ರಿ ಅದರ ಬೆಳಕು ನೋಡಬೇಕು ನೀವು.

ಸ್ಪ್ಯಾನರ್ ಅಕ್ಕ
ಸ್ವಲ್ಪ ತಡೀರಿ. ನೆಗಡಿ ಅಂತ ಮೂಗು ಕೊಯ್ಕೊಳ್ಳೋ ಕೆಲಸ ಆಗಬಾರದು.

ಪೆಟ್ರೋಲ್, ಟೆಂಪರೇಚರ್ ಎರಡೂ ಒಟ್ಟಿಗೆ ಮೇಲೆ ಹೋಗ್ತಿದ್ದವು ಅಂದ್ರಿ. ಎರಡು ಮೀಟರ್ ಒಂದೇ ದಿನ ಒಂದೇ ಥರ ಕೆಡೋದು ಅಪರೂಪ. ಎರಡಕ್ಕೂ ಕರೆಂಟ್ ಕೊಡೋ ಜಾಗದಲ್ಲಿ ಕೆಟ್ಟಿದೆ ಅನ್ನಿ. ನಿಮ್ಮ ರ‍್ಯಾಲಿ ಡ್ಯಾಶಲ್ಲಿ ವೋಲ್ಟೇಜ್ ಲಿಮಿಟರ್ (ಮೀಟರಿಗೆ ಹೋಗೋ ವೋಲ್ಟೇಜ್ ಇಳಿಸೋ ಸಾಧನ) ಹೊರಗೆಲ್ಲೂ ಕಾಣಲ್ಲ, ಪೆಟ್ರೋಲ್ ಮೀಟರಿನ ಹೊಟ್ಟೆಯೊಳಗೇ ಇದೆ. ಹಿಂದೆ ಮೂರು ಸ್ಟಡ್ ಇರುತ್ತೆ ನೋಡಿ, ಐ, ಎ, ಎಸ್ ಅಂತ ಗುರುತು. ‘ಐ’ಗೆ ಕೀ ಆನ್ ಮಾಡಿದಾಗ 12 ವೋಲ್ಟ್ ಬರುತ್ತೆ, ‘ಎ’ಯಿಂದ ಸರಾಸರಿ 5 ವೋಲ್ಟ್ ಉಳಿದ ಮೀಟರ್‌ಗಳಿಗೆ ಹೋಗುತ್ತೆ, ‘ಎಸ್’ ಟ್ಯಾಂಕಿನಲ್ಲಿ ಪೆಟ್ರೋಲ್ ಮಟ್ಟ ಅಳೆಯೋ ಸೆಂಡರ್‌ಗೆ.

ಆ ಲಿಮಿಟರ್ ಒಳಗೆ ಇರೋದು ಒಂದು ದ್ವಿಲೋಹದ ಪಟ್ಟಿ, ಅದಕ್ಕೆ ಸುತ್ತಿದ ಕಾಯಿಲ್, ಕರೆಂಟ್ ಕೂಡಿಸಿ ಬಿಡಿಸೋ ಒಂದು ಜೊತೆ ಪಾಯಿಂಟ್. ಕಾಯಿಲ್ ಬಿಸಿಯಾದರೆ ಪಟ್ಟಿ ಬಾಗಿ ಪಾಯಿಂಟ್ ಬಿಡುತ್ತೆ, ತಣ್ಣಗಾದರೆ ಕೂಡುತ್ತೆ. ಕಾಯಿಲ್ ಬಿಸಿಯಾಗಬೇಕಾದರೆ ಅದರ ಇನ್ನೊಂದು ತುದಿಗೆ ಅರ್ತ್ ಬೇಕು. ಆ ಅರ್ತ್ ಬರೋದು ಮೀಟರಿನ ಮೈಯಿಂದ, ಮೀಟರಿಗೆ ಅದು ಕೂತಿರೋ ಚೌಕಟ್ಟಿನಿಂದ. ನೀವು ಅದಕ್ಕೆ ಪೌಡರ್ ಕೋಟಿಂಗ್ ಮಾಡಿಸಿದೀರಿ! ಅರ್ತ್ ಇಲ್ಲ, ಕಾಯಿಲ್ ಬಿಸಿಯಾಗಲ್ಲ, ಪಾಯಿಂಟ್ ಬಿಡೋದೇ ಇಲ್ಲ, ಎಲ್ಲ ಮೀಟರಿಗೂ ನೇರ 12 ವೋಲ್ಟ್.

ಬ್ಯಾಟರಿ ನೆಗೆಟಿವ್ ಕಳಚಿ. ಪೆಟ್ರೋಲ್ ಮೀಟರಿನ ಮೈಯಿಂದ ಬಾಡಿಯ ಬರೀ ಲೋಹಕ್ಕೆ ಎಷ್ಟು ಓಮ್ ಬರುತ್ತೆ ಅಳೆದು ಹೇಳಿ. ಅಲ್ಲೀವರೆಗೂ ಕೀ ಆನ್ ಮಾಡಲೇಬೇಡಿ.

ಹೊಸಬ
ಪೆದ್ದ ಪ್ರಶ್ನೆ ಅಂದ್ಕೋಬೇಡಿ ಅಕ್ಕ. 12 ವೋಲ್ಟ್ ಗಾಡಿಯಲ್ಲಿ ಮೀಟರನ್ನ 5 ವೋಲ್ಟಿಗೆ ಯಾಕೆ ಮಾಡಿದ್ರು?

ಸ್ಪ್ಯಾನರ್ ಅಕ್ಕ
ಪೆದ್ದ ಪ್ರಶ್ನೆ ಏನಲ್ಲ ಅದು. ಗಾಡಿಯ 12 ವೋಲ್ಟ್ ಅನ್ನೋದು ಹೆಸರಿಗೆ ಮಾತ್ರ. ನಿಂತಾಗ 12, ಓಡುವಾಗ 14 ದಾಟುತ್ತೆ, ಲೈಟ್ ಹಾಕಿ ಐಡಲ್‌ನಲ್ಲಿ ಬಿಟ್ಟರೆ ಮತ್ತೆ ಕೆಳಗೆ. ಈ ಮೀಟರ್‌ಗಳು ಶಾಖದ ಮೇಲೆ ನಡೆಯೋವು, ವೋಲ್ಟೇಜ್ ಏರಿಳಿದರೆ ಮುಳ್ಳೂ ಏರಿಳಿಯುತ್ತೆ. ಅದಕ್ಕೇ ಯಾವತ್ತೂ ಇರೋದಕ್ಕಿಂತ ಕಡಿಮೆ ಮಟ್ಟದ ಒಂದು ಸ್ಥಿರ ಸರಾಸರಿ ಇಟ್ಟುಕೊಂಡರು. ಫೋರ್ಡ್‌ನವರದ್ದೂ ಇದೇ ಉಪಾಯ. ಜನರಲ್ ಮೋಟರ್ಸ್‌ನವರು ಬೇರೆ ದಾರಿ ಹಿಡಿದರು, ಅವರ ಮೀಟರಲ್ಲಿ ಎರಡು ಕಾಯಿಲ್ ಒಂದಕ್ಕೊಂದು ಎದುರು ಎಳೆಯುತ್ತೆ. ವೋಲ್ಟೇಜ್ ಹೆಚ್ಚಾದರೆ ಎರಡೂ ಹೆಚ್ಚಾಗುತ್ತೆ, ಮುಳ್ಳು ಅಲ್ಲೇ ಇರುತ್ತೆ. ಹಾಗಾಗಿ ಅವರ ಶೆವೆಲ್‌ನಲ್ಲಿ ಲಿಮಿಟರ್ ಹುಡುಕಬೇಡಿ, ಸಿಗಲ್ಲ.

ಚಾರ್ಜರ್68
ಅಕ್ಕ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ಮೀಟರ್ ಮೈಯಿಂದ ಬಾಡಿಗೆ ಅಳೆದರೆ ಮಲ್ಟಿಮೀಟರ್ ಏನೂ ತೋರಿಸಲಿಲ್ಲ, ಪೂರ್ತಿ ಓಪನ್, ಅಂದರೆ ಸಂಪರ್ಕವೇ ಇಲ್ಲ. ಚೌಕಟ್ಟನ್ನ ಡ್ಯಾಶಿಗೆ ಹಿಡಿಯೋ ಸ್ಕ್ರೂಗಳ ತೂತಿನ ಒಳಗೂ ಕೋಟಿಂಗ್ ಹೋಗಿ ಕೂತಿದೆ. ಉಗುರಲ್ಲಿ ಕೆರೆದರೆ ಬರಲ್ಲ, ಚೂಪು ಅರದಲ್ಲಿ ಹಿಂಬದಿ ನಾಣ್ಯದಷ್ಟು ಜಾಗ ಉಜ್ಜಿ ಬೆಳ್ಳಗೆ ಮಾಡಬೇಕಾಯ್ತು. ಅಲ್ಲಿಂದ ಡ್ಯಾಶ್ ಕೆಳಗಿನ ಕಂಬಿಗೆ ಬೇರೆ ಒಂದು ಅರ್ತ್ ವೈರ್ ಎಳೆದೆ. ಈಗ 0.2 ಓಮ್.

ಟೆಂಪರೇಚರ್ ಮೀಟರ್ ಬಿಚ್ಚಿ ಎರಡು ಸ್ಟಡ್ ನಡುವೆ ಅಳೆದೆ, ಓಪನ್. ಒಳಗಿನ ಕಾಯಿಲ್ ಸುಟ್ಟಿದೆ. ಮೂಗಿನ ಹತ್ತಿರ ಹಿಡಿದರೆ ಇನ್ನೂ ಕಮಟು ವಾಸನೆ. ಪೆಟ್ರೋಲ್ ಮೀಟರ್, ಆಯಿಲ್ ಮೀಟರ್ ಎರಡೂ 20 ಓಮ್ ಆಸುಪಾಸು ತೋರಿಸ್ತಿವೆ. ಬದುಕಿವೆ ಅಂತಾನಾ?

ಸ್ಪ್ಯಾನರ್ ಅಕ್ಕ
ಉಸಿರಾಡ್ತಿವೆ. ಸರಿಯಾಗಿ ತೋರಿಸ್ತವಾ ಅನ್ನೋದು ಬೇರೆ. 12 ವೋಲ್ಟ್ ತಿಂದ ಮೀಟರಿನ ದ್ವಿಲೋಹ ಪಟ್ಟಿ ಒಮ್ಮೊಮ್ಮೆ ಬಾಗಿಬಿಟ್ಟಿರುತ್ತೆ. ಡಾಜ್ ಮಾಡೋ ಕ್ರೈಸ್ಲರ್‌ನವರು ಆ ಕಾಲದಲ್ಲಿ ಡೀಲರ್‌ಗಳಿಗೆ ಒಂದು ಪರೀಕ್ಷೆ ಪೆಟ್ಟಿಗೆ ಕೊಡ್ತಿದ್ರು. ಅದರೊಳಗೆ ಇದ್ದದ್ದು ಮೂರೇ ರೆಸಿಸ್ಟರ್: ಖಾಲಿಗೆ 73 ಓಮ್ ಚಿಲ್ಲರೆ, ಅರ್ಧಕ್ಕೆ 23, ಫುಲ್‌ಗೆ 10. ನೀವೇ ಮಾಡ್ಕೊಳ್ಳಿ. 10, 22, 75 ಓಮ್ ರೆಸಿಸ್ಟರ್ ತನ್ನಿ, ದಪ್ಪನೆಯವು, 5 ವ್ಯಾಟಿನವು. ಸೆಂಡರ್ ವೈರ್ ಕಳಚಿ ಅದರ ಜಾಗದಲ್ಲಿ ಒಂದೊಂದೇ ಸೇರಿಸಿ ಅರ್ತ್ ಮಾಡಿ. ಪ್ರತಿ ಸಲ ಒಂದು ನಿಮಿಷ ಕಾಯಬೇಕು, ಶಾಖದ ಮೀಟರ್ ನಿಧಾನ.

ಲಿಮಿಟರನ್ನ ಮಾತ್ರ ಇನ್ನು ನಂಬಬೇಡಿ. 50 ವರ್ಷ ದಾಟಿದ ಪಾಯಿಂಟ್ ಯಾವತ್ತು ಅಂಟಿಕೊಳ್ಳುತ್ತೋ. ಪೆಟ್ರೋಲ್ ಮೀಟರ್ ಬಿಚ್ಚಿ ಒಳಗಿನ ಲಿಮಿಟರನ್ನ ಸರ್ಕ್ಯೂಟಿಂದ ಬೇರೆ ಮಾಡಿ, ಹೊರಗೆ ಸಾಲಿಡ್ ಸ್ಟೇಟ್ (ಪಾಯಿಂಟ್ ಇಲ್ಲದ, ಎಲೆಕ್ಟ್ರಾನಿಕ್) ಲಿಮಿಟರ್ ಹಾಕಿ. ಸಿದ್ಧವಾಗಿಯೂ ಸಿಗುತ್ತೆ. ಬೆಸುಗೆ ಬರುತ್ತೆ ಅಂದರೆ 7805 ಅನ್ನೋ ಮೂರು ಕಾಲಿನ ರೆಗ್ಯುಲೇಟರ್ ಸಾಕು, ಆದರೆ ಹೀಟ್ ಸಿಂಕ್ ಇಲ್ಲದೆ ಹಾಕೀರ ಜೋಕೆ, ಕೈ ಸುಡುವಷ್ಟು ಬಿಸಿಯಾಗುತ್ತೆ.

ವೈರಿಂಗ್ ಭೂತ
ಎಲ್ಲರೂ ಪೆಟ್ರೋಲ್ ಮುಳ್ಳಿನ ಹಿಂದೆ ಬಿದ್ದಿದೀರಿ. ನಡುಗೋ ಆಮ್ಮೀಟರ್ ಬಗ್ಗೆ ಯಾರೂ ಮಾತೇ ಆಡಿಲ್ಲ. ಗಾಡಿಗೆ ಬೆಂಕಿ ಹಚ್ಚೋದು ಅದೇ ಕಣ್ರೀ.

ಆ ಕಾಲದ ಕ್ರೈಸ್ಲರ್ ಗಾಡಿಯಲ್ಲಿ ಆಲ್ಟರ್ನೇಟರ್ ಕರೆಂಟ್ ಹೋಗೋ ದಾರಿ ಕೇಳಿ. ಇಂಜಿನ್ ಕಡೆಯಿಂದ ಫೈರ್‌ವಾಲ್‌ನ ಬಲ್ಕ್‌ಹೆಡ್ ಕನೆಕ್ಟರ್ (ಇಂಜಿನ್ ಕಡೆಯ ವೈರೂ ಒಳಗಿನ ವೈರೂ ಕೂಡೋ ಪ್ಲಗ್) ದಾಟಿ ಒಳಗೆ ಬರುತ್ತೆ, ಕಪ್ಪು ವೈರ್. ಆಮ್ಮೀಟರಿನ ಒಂದು ಸ್ಟಡ್‌ಗೆ ಹೋಗಿ ಇನ್ನೊಂದರಿಂದ ಹೊರಗೆ, ಕೆಂಪು ವೈರ್. ಮತ್ತೆ ಅದೇ ಬಲ್ಕ್‌ಹೆಡ್ ದಾಟಿ, ಫ್ಯೂಸಿಬಲ್ ಲಿಂಕ್ (ಕರೆಂಟ್ ಮಿತಿ ಮೀರಿದರೆ ಕರಗಿ ಕಡಿಯೋ ಸಣ್ಣ ವೈರ್ ತುಂಡು) ಮೂಲಕ ಸ್ಟಾರ್ಟರ್ ರಿಲೇಗೆ, ಅಲ್ಲಿಂದ ಬ್ಯಾಟರಿಗೆ. ಅಂದರೆ ಬ್ಯಾಟರಿ ಇಳಿದ ದಿನ ಅದಕ್ಕೆ ತುಂಬೋ 30-40 ಆಂಪ್ ಪೂರ್ತಿ ಎರಡು ಸಲ ಚಪ್ಪಟೆ ಸ್ಪೇಡ್ ಟರ್ಮಿನಲ್ ದಾಟಿ, ನಿಮ್ಮ ಮೊಣಕಾಲಿನ ಮುಂದೆ ಸುತ್ತಿ ಹೋಗಬೇಕು. ಹೊಸದಿದ್ದಾಗ ಸರಿ. ಟರ್ಮಿನಲ್ ತುಕ್ಕು ಹಿಡಿದರೆ ಅಲ್ಲಿ ಶಾಖ, ಶಾಖಕ್ಕೆ ಸ್ಪೇಡ್ ಸಡಿಲ, ಸಡಿಲಕ್ಕೆ ಇನ್ನಷ್ಟು ಶಾಖ.

ನನ್ನ ರೋಡ್ ರನ್ನರ್‌ನಲ್ಲಿ ಬಲ್ಕ್‌ಹೆಡ್ ಕನೆಕ್ಟರ್ ಕಳಚಿದಾಗ ಆ ಕಪ್ಪು ವೈರಿನ ಮನೆ ಬೆಲ್ಲ ಕರಗಿದ ಹಾಗೆ ಕರಗಿ ಗಟ್ಟಿಯಾಗಿತ್ತು. ಹೊರಗಿಂದ ನೋಡಿದರೆ ಏನೂ ಗೊತ್ತಾಗ್ತಿರಲಿಲ್ಲ. ಮೊದಲು ಕನೆಕ್ಟರ್ ಕಳಚಿ ನೋಡಿ. ಆಮೇಲೆ ಕೆಂಪು, ಕಪ್ಪು ಎರಡನ್ನೂ ಆಮ್ಮೀಟರಿಂದ ಬಿಚ್ಚಿ, ಒಂದೇ ಬೋಲ್ಟಿಗೆ ಬಿಗಿದು, ಚೆನ್ನಾಗಿ ಇನ್ಸುಲೇಷನ್ ಮಾಡಿ. ಆಲ್ಟರ್ನೇಟರಿಂದ ಸ್ಟಾರ್ಟರ್ ರಿಲೇಗೆ ಇಂಜಿನ್ ಕಡೆಯೇ ಇನ್ನೊಂದು ದಪ್ಪ ವೈರ್ ಎಳೆದು ಅದಕ್ಕೂ ಫ್ಯೂಸಿಬಲ್ ಲಿಂಕ್ ಹಾಕಿ. ಲಿಂಕ್ ಯಾವಾಗಲೂ ವೈರಿಗಿಂತ ನಾಲ್ಕು ಗೇಜ್ ಸಣ್ಣದಿರಬೇಕು: 8 ಗೇಜ್ ವೈರಿಗೆ 12 ಗೇಜ್ ಲಿಂಕ್ (ಗೇಜ್ ನಂಬರ್ ಹೆಚ್ಚಾದಷ್ಟೂ ವೈರ್ ಸಣ್ಣ).

ಆಮ್ಮೀಟರ್ ಸ್ಟಡ್ ಕೀ ಆಫ್ ಇದ್ದಾಗಲೂ ಜೀವಂತ ಇರುತ್ತೆ, ಆ ಲಿಂಕ್ ಬಿಟ್ಟರೆ ನಡುವೆ ಬೇರೆ ಫ್ಯೂಸ್ ಇಲ್ಲ. ಬ್ಯಾಟರಿ ಕಳಚದೆ ಅಲ್ಲಿ ಸ್ಪ್ಯಾನರ್ ತೂರಿಸಬೇಡಿ.

ಒರಿಜಿನಲ್ ಮಾತ್ರ
ಇಷ್ಟು ಹೆದರಿಸೋ ಅಗತ್ಯ ಇಲ್ಲ. ನನ್ನ 69ರ ಕರೋನೆಟ್‌ನಲ್ಲಿ ಆಮ್ಮೀಟರ್ ಕಂಪನಿಯಿಂದ ಬಂದ ಹಾಗೇ ಇದೆ. ಟರ್ಮಿನಲ್ ತಿಕ್ಕಿ ಶುದ್ಧ ಮಾಡಿ, ಸ್ಟಡ್ ನಟ್ಟು ಬಿಗಿಯಾಗಿಟ್ಟರೆ ಏನೂ ಆಗಲ್ಲ. ಜನ ಮಾಡೋ ತಪ್ಪು ಏನು ಅಂದರೆ, 37 ಆಂಪಿನ ಆಲ್ಟರ್ನೇಟರ್ ಇದ್ದ ಜಾಗಕ್ಕೆ 100 ಆಂಪಿನದು ತಂದು ಕೂರಿಸಿ, ಎಲೆಕ್ಟ್ರಿಕ್ ಫ್ಯಾನ್ ಹಾಕಿ, ಆಂಪ್ಲಿಫಯರ್ ಹಾಕಿ, ಆಮೇಲೆ ಆಮ್ಮೀಟರನ್ನ ಬೈಯೋದು. ಆಮ್ಮೀಟರ್ ಹೇಳೋ ಸುದ್ದಿ ವೋಲ್ಟ್‌ಮೀಟರ್ ಹೇಳಲ್ಲ. ಕರೆಂಟ್ ಬ್ಯಾಟರಿಗೆ ಹೋಗ್ತಿದೆಯಾ ಬ್ಯಾಟರಿಯಿಂದ ಬರ್ತಿದೆಯಾ, ಒಂದೇ ನೋಟಕ್ಕೆ ಗೊತ್ತಾಗುತ್ತೆ.

ವೈರಿಂಗ್ ಭೂತ
ನಿಮ್ಮ ಹಾಗೆ ವರ್ಷಕ್ಕೊಮ್ಮೆ ಕನೆಕ್ಟರ್ ಬಿಚ್ಚಿ ತಿಕ್ಕೋರು ಎಷ್ಟು ಜನ ಸರ್? ಶೆವ್ರೊಲೆಯವರೂ ಆಮ್ಮೀಟರ್ ಕೊಟ್ಟಿದ್ದರು, ಆದರೆ ಪೂರ್ತಿ ಕರೆಂಟನ್ನ ಡ್ಯಾಶಿಗೆ ತರಲಿಲ್ಲ. ಇಂಜಿನ್ ಕಡೆಯ ವೈರಿನ ಎರಡು ಬಿಂದುವಿನಿಂದ ಸಣ್ಣ ವೈರ್ ತಂದು, ಎರಡಕ್ಕೂ ಫ್ಯೂಸ್ ಹಾಕಿ, ನಡುವಿನ ವ್ಯತ್ಯಾಸ ಮಾತ್ರ ತೋರಿಸಿದರು. ಸುದ್ದಿ ಅದೇ, ಅಪಾಯ ಇಲ್ಲ. ಕೇಳಿದವರು ಹೆಡ್‌ಲೈಟ್ ಹಾಕಿ ರಾತ್ರಿ ಓಡಿಸೋರು, ಪ್ರದರ್ಶನಕ್ಕೆ ಇಡೋರಲ್ಲ. ನನ್ನ ಮಾತು ಬದಲಾಗಲ್ಲ.

ಒರಿಜಿನಲ್ ಮಾತ್ರ
ರಾತ್ರಿ ಓಡಿಸೋ ಗಾಡಿ ಅಂದರೆ ಒಪ್ಪಿದೆ. ಆದರೆ ಕಿತ್ತ ಆಮ್ಮೀಟರನ್ನ ಎಸೀಬೇಡಿ, ಡಬ್ಬಿಯಲ್ಲಿಡಿ.

ಬಿಗ್‌ಬ್ಲಾಕ್
ಮೇಲೆ ನಾನು ಬರೆದದ್ದು ಅರ್ಧ ಸತ್ಯ. ಕಿಟ್ ಹಾಕಿದ ಕಥೆ ಪೂರ್ತಿ ಹೇಳಿಬಿಡ್ತೀನಿ, ಆಮೇಲೆ ಬೈಬೇಡಿ.

ಒಂದು ಭಾನುವಾರದ ಕೆಲಸ ಅಂದ್ಕೊಂಡಿದ್ದೆ, ಮೂರು ವಾರ ಹಿಡೀತು. ಮೊದಲನೇ ದಿನ ಟ್ಯಾಂಕ್ ತುಂಬಿಸಿ ಬಂದೆ, ಮುಳ್ಳು ಇಳೀತು! ಕಾರಣ ಸೆಂಡರ್. 65ರಿಂದೀಚೆಗಿನ ಜಿಎಂ (ಜನರಲ್ ಮೋಟರ್ಸ್) ಸೆಂಡರ್ ಖಾಲಿಗೆ 0, ಫುಲ್‌ಗೆ 90 ಓಮ್. ಮಾರ್ಕೆಟಲ್ಲಿ ಸಿಗೋ ಬೇರೆ ಸೆಂಡರ್‌ಗಳಲ್ಲಿ ಖಾಲಿಗೆ 240, ಫುಲ್‌ಗೆ 33. ಬಾಕ್ಸಿನ ಸೆಟಿಂಗ್ ಎರಡನೇದಕ್ಕಿತ್ತು. ಸೆಟಿಂಗ್ ಬದಲಾಯಿಸಿದ ಮೇಲೆ ಸರಿಯಾಯ್ತು.

ಎರಡನೇದು ಬ್ಯಾಟರಿ. ವಾರದೊಳಗೆ ಇಳಿದು ಹೋಯ್ತು. ಒಳಗೇ ರೆಗ್ಯುಲೇಟರ್ ಇರೋ ಆಲ್ಟರ್ನೇಟರ್ ಹಾಕಿದ್ದೆ, ಅದು ಎಚ್ಚರವಾಗೋಕೆ ಬೇಕಾದ ಚೂರು ಕರೆಂಟ್ ಹೋಗ್ತಿದ್ದದ್ದು ಹಳೇ ಡ್ಯಾಶಿನ ಚಾರ್ಜ್ ಬಲ್ಬ್ ಮೂಲಕ. ಹೊಸ ಡ್ಯಾಶಲ್ಲಿ ಬಲ್ಬೇ ಇಲ್ಲ, ಎಲ್‌ಇಡಿ. ಅದರಲ್ಲಿ ಅಷ್ಟು ಕರೆಂಟ್ ಹರಿಯಲ್ಲ. ಬಲ್ಬಿನ ಜಾಗಕ್ಕೆ ಒಂದು ರೆಸಿಸ್ಟರ್ ಸೇರಿಸಿದ ಮೇಲೆ ಚಾರ್ಜ್ ಆಗೋಕೆ ಶುರುವಾಯ್ತು. ಇದನ್ನ ಕಂಡುಹಿಡಿಯೋಕೆ ಸುಮ್ಮನೆ ಒಂದು ಒಳ್ಳೆ ಆಲ್ಟರ್ನೇಟರ್ ಬದಲಾಯಿಸಿದ್ದೆ, ಅದು ಬೇರೆ ವಿಷಯ.

ಮೂರನೇದು ಟ್ಯಾಕೋಮೀಟರ್. 3000 ಆರ್‌ಪಿಎಂ ದಾಟಿದರೆ ಮುಳ್ಳು ಕಪ್ಪೆ ಥರ ಕುಪ್ಪಳಿಸ್ತಿತ್ತು. ತಾಮ್ರದ ಗಟ್ಟಿ ತಂತಿಯ ಪ್ಲಗ್ ವೈರ್ ಇತ್ತು, ಅದರ ರೇಡಿಯೋ ಗದ್ದಲ ಕಂಟ್ರೋಲ್ ಬಾಕ್ಸಿಗೆ ಹೋಗ್ತಿತ್ತು. ಆ ಗದ್ದಲ ತಡೆಯೋ ಸ್ಪೈರಲ್ ಕೋರ್ ವೈರ್ ಹಾಕಿ, ಟ್ಯಾಕ್ ವೈರನ್ನ ಪ್ಲಗ್ ವೈರಿಂದ ದೂರ ಎಳೆದೆ, ನಿಂತಿತು.

ಈಗ ಖುಷಿಯಾಗಿದೀನಿ. ಆದರೆ ನನ್ನದರಲ್ಲಿ ಮೊದಲು ಇದ್ದದ್ದು ಸ್ಪೀಡೋ, ಪೆಟ್ರೋಲ್ ಎರಡೇ, ಉಳಿದದ್ದೆಲ್ಲ ವಾರ್ನಿಂಗ್ ಲೈಟ್. ಕಳೆದುಕೊಳ್ಳೋಕೆ ಏನೂ ಇರಲಿಲ್ಲ. ನಿಮ್ಮದು ಆರು ಮೀಟರಿನ ರ‍್ಯಾಲಿ ಡ್ಯಾಶ್. ನನಗೆ ಅದು ಸಿಕ್ಕಿದ್ದರೆ ಬಹುಶಃ ಕಿಟ್ ಹಾಕ್ತಿರಲಿಲ್ಲ.

ಡಿಫ್ ಹುಳ
ಸ್ಪೀಡೋಮೀಟರ್ ವಿಷಯಕ್ಕೆ ಬರ್ತೀನಿ. 60ಕ್ಕೆ 73 ತೋರಿಸೋದು ಮೀಟರ್ ತಪ್ಪಲ್ಲ, ಗೇರ್ ತಪ್ಪು. ಅಮೆರಿಕದ ಸ್ಪೀಡೋಗಳಲ್ಲಿ ಕೇಬಲ್ ಒಂದು ಮೈಲಿಗೆ 1000 ಸುತ್ತು ತಿರುಗಬೇಕು. ಯಾರೋ ಹಿಂದಿನ ಮಾಲೀಕರು ಹಿಂದಿನ ಆಕ್ಸಲ್ ರೇಷಿಯೋ (ಚಕ್ರದ ಒಂದು ಸುತ್ತಿಗೆ ಪ್ರೊಪೆಲರ್ ಶಾಫ್ಟ್ ಎಷ್ಟು ಸುತ್ತುತ್ತೆ ಅನ್ನೋದು) ಬದಲಾಯಿಸಿ, ಗೇರ್‌ಬಾಕ್ಸ್ ಬಾಲದಲ್ಲಿರೋ ಸ್ಪೀಡೋ ಪಿನಿಯನ್ (ಸ್ಪೀಡೋ ಕೇಬಲ್ ತಿರುಗಿಸೋ ಸಣ್ಣ ಗೇರ್) ಮುಟ್ಟದೆ ಬಿಟ್ಟಿದಾರೆ ಅಂತ ನನ್ನ ಊಹೆ.

ಹಿಂದಿನ ಒಂದು ಚಕ್ರ ನೆಲದಲ್ಲಿ, ಒಂದು ಮೇಲೆ ಎತ್ತಿ. ಮುಂದಿನ ಚಕ್ರಗಳಿಗೆ ಭದ್ರವಾಗಿ ಅಡೆ ಕೊಡಿ, ಸ್ಟ್ಯಾಂಡ್ ಇಡಿ, ಗೇರ್ ನ್ಯೂಟ್ರಲ್. ಎತ್ತಿದ ಚಕ್ರವನ್ನ ಎರಡು ಪೂರ್ತಿ ಸುತ್ತು ತಿರುಗಿಸಿ, ಪ್ರೊಪೆಲರ್ ಶಾಫ್ಟ್ ಎಷ್ಟು ಸುತ್ತಿತು ಎಣಿಸಿ. ಅದೇ ರೇಷಿಯೋ. ಒಂದೇ ಚಕ್ರ ತಿರುಗೋಕೆ ಒಪ್ಪದೆ ಹಟ ಮಾಡಿದರೆ ಶೂರ್-ಗ್ರಿಪ್ (ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗಿಸೋ ಡಿಫರೆನ್ಷಿಯಲ್) ಇದೆ ಅಂತರ್ಥ, ಆಗ ಎರಡೂ ಚಕ್ರ ಎತ್ತಿ ಒಂದೇ ಸುತ್ತು ಎಣಿಸಿದರೆ ಸಾಕು.

ಚಾರ್ಜರ್68
ಎಣಿಸಿದೆ. ಶಾಫ್ಟ್‌ಗೆ ಸೀಮೆಸುಣ್ಣದ ಗುರುತು ಹಾಕಿ ಮೂರು ಸಲ ನೋಡಿದೆ, ನಾಲ್ಕು ಸುತ್ತಿಗೆ ಕೂದಲೆಳೆ ಕಡಿಮೆ. ಪಿನಿಯನ್ ಹೊರಗೆ ತೆಗೆದೆ, 31 ಹಲ್ಲು. ಟೈರ್ ಎತ್ತರ 27 ಇಂಚು.

ಡಿಫ್ ಹುಳ
ಹಾಗಾದರೆ 3.91. ಲೆಕ್ಕ ನೋಡಿ. 20168ನ್ನ (ಒಂದು ಮೈಲಿಯ 63360 ಇಂಚು ÷ ಪೈ) ರೇಷಿಯೋದಿಂದ ಗುಣಿಸಿ ಟೈರ್ ಎತ್ತರದಿಂದ ಭಾಗಿಸಿದರೆ ಶಾಫ್ಟ್ ಒಂದು ಮೈಲಿಗೆ ಎಷ್ಟು ಸುತ್ತುತ್ತೆ ಅಂತ ಸಿಗುತ್ತೆ: 2921. 727ರೊಳಗಿನ ಸ್ಪೀಡೋ ಗೇರಿಗೆ 13 ಹಲ್ಲು. 2921 × 13 ÷ 1000, ಅಂದರೆ 38 ಹಲ್ಲಿನ ಪಿನಿಯನ್ ಬೇಕು. ಇದೇ ಲೆಕ್ಕದಲ್ಲಿ 3.23 ಹಾಕಿ ನೋಡಿ, ನಿಮ್ಮ 31 ಬರುತ್ತೆ. ಗಾಡಿಯಲ್ಲಿ ಮೊದಲು ಏನಿತ್ತು ಅಂತ ಇದರಲ್ಲೇ ಗೊತ್ತಾಯ್ತು.

ಕೂರಿಸುವಾಗ ಒಂದು ಗಮನ ಇರಲಿ. ಪಿನಿಯನ್ ಹೌಸಿಂಗ್ ಮೇಲೆ 26-31, 32-38, 39-45 ಅಂತ ಗುರುತು ಅಚ್ಚಾಗಿರುತ್ತೆ. ನೀವು ಒಂದು ಗುಂಪಿಂದ ಇನ್ನೊಂದಕ್ಕೆ ಹೋಗ್ತಿದೀರಿ, ಹಾಗಾಗಿ ಹೌಸಿಂಗ್ ತಿರುಗಿಸಿ 32-38 ಗುರುತು ಗಡಿಯಾರದ 6 ಗಂಟೆ ಜಾಗಕ್ಕೆ, ಅಂದರೆ ನೇರ ಕೆಳಗೆ ಬರೋ ಹಾಗೆ ಕೂರಿಸಬೇಕು. ಹಳೇ ಜಾಗದಲ್ಲೇ ಒತ್ತಿ ಬಿಗಿದರೆ ಹಲ್ಲು ಸರಿಯಾಗಿ ಕೂಡದೆ ಪಿನಿಯನ್ ತಿಂದು ಹೋಗುತ್ತೆ.

ಹೊಸಬ
ಕಿಟ್ ಹಾಕೋರು ಓಡೋಮೀಟರ್ ಏನ್ಮಾಡ್ತಾರೆ? ಹಳೇದು ಬರೀ ಐದು ಅಂಕೆ, ಹೊಸದು ಸೊನ್ನೆಯಿಂದ ಶುರು.

ಒರಿಜಿನಲ್ ಮಾತ್ರ
ಅಮೆರಿಕದಲ್ಲಿ 1972ರಿಂದ ಇದಕ್ಕೆ ಫೆಡರಲ್ ಕಾನೂನೇ ಇದೆ. ಓಡೋಮೀಟರ್ ಬದಲಾಯಿಸಿದಾಗ ಹಳೇ ಓದನ್ನ ಹೊಸದರಲ್ಲಿ ಕೂರಿಸಬೇಕು. ಸಾಧ್ಯ ಆಗಲ್ಲ ಅಂದರೆ ಸೊನ್ನೆಗೆ ತಂದು, ಹಳೇ ಮೈಲಿ ಎಷ್ಟಿತ್ತು, ಯಾವ ತಾರೀಖು ಬದಲಾಯಿಸಿದ್ದು ಅಂತ ಬರೆದು ಎಡಬಾಗಿಲ ಚೌಕಟ್ಟಿಗೆ ಅಂಟಿಸಬೇಕು. ಹಳೇ ಮೀಟರಿನ ಫೋಟೋ ತೆಗೆದಿಟ್ಟುಕೊಂಡರೆ ಮುಂದೆ ಮಾರುವಾಗ ಮಾತಿಗೆ ಜಾಗ ಇರಲ್ಲ.

ಚಾರ್ಜರ್68
ಆರು ವಾರ ಆಯ್ತು, ವರದಿ ಒಪ್ಪಿಸ್ತೀನಿ.

ಕಿಟ್ ತಗೊಳ್ಳಲಿಲ್ಲ. ಬಲ್ಕ್‌ಹೆಡ್ ಕನೆಕ್ಟರ್ ಕಳಚಿದೆ. ಭೂತ ಸರ್ ಹೇಳಿದ ಹಾಗೆ ಕಪ್ಪು ವೈರಿನ ಸ್ಪೇಡ್ ನೀಲಿ ತಿರುಗಿತ್ತು, ಸುತ್ತಲಿನ ಪ್ಲಾಸ್ಟಿಕ್ ಕಂದು. ಇನ್ನೊಂದು ಬೇಸಿಗೆ ಬಾಳ್ತಿರಲಿಲ್ಲ. ಆಮ್ಮೀಟರ್ ಬೈಪಾಸ್ ಮಾಡಿ ಹೊರಗಿಂದ 8 ಗೇಜ್ ವೈರ್ ಎಳೆದೆ. ಆಮ್ಮೀಟರನ್ನ ಎಸೀಲಿಲ್ಲ, ಅದರ ಮುಖ ಹಾಗೇ ಇಟ್ಟು ಒಳಗೆ ವೋಲ್ಟ್‌ಮೀಟರ್ ಕೂರಿಸೋರ ಹತ್ತಿರ ಕಳಿಸಿದೀನಿ. ಒರಿಜಿನಲ್ ಸರ್ ಕ್ಷಮಿಸಬೇಕು.

ಸಾಲಿಡ್ ಸ್ಟೇಟ್ ಲಿಮಿಟರ್ ಹಾಕಿದೆ, ಅದರ ಅರ್ತ್ ವೈರ್ ಬೇರೆ. ಟೆಂಪರೇಚರ್ ಮೀಟರ್ ಒಂದು ಮಾತ್ರ ಇನ್ನೊಂದು ಚಾರ್ಜರ್‌ನದ್ದು ತಂದು ಹಾಕಿದೆ, ಮೂರು ರೆಸಿಸ್ಟರಿಗೂ ಸರಿಯಾಗಿ ನಿಂತಿತು. ಪೆಟ್ರೋಲ್ ಮೀಟರ್ 10 ಓಮಿಗೆ ಫುಲ್, 22ಕ್ಕೆ ಅರ್ಧಕ್ಕಿಂತ ಮುಳ್ಳಿನ ಅಗಲದಷ್ಟು ಮೇಲೆ. ಬಿಟ್ಟೆ. 38 ಹಲ್ಲಿನ ಪಿನಿಯನ್ ಕೂರಿಸಿದ ಮೇಲೆ 60ಕ್ಕೆ 60.

ಮಧ್ಯೆ ಒಂದು ಪೀಡೆ. ಎಲ್ಲ ಸರಿಯಾದ ಮೇಲೆ ಟ್ಯಾಂಕ್ ತುಂಬಿದ್ದರೂ ಪೆಟ್ರೋಲ್ ಮುಳ್ಳು ಖಾಲಿ ತೋರಿಸ್ತು.

ಸ್ಪ್ಯಾನರ್ ಅಕ್ಕ
ಟ್ಯಾಂಕ್ ಹತ್ತಿರ ರಬ್ಬರ್ ಹೋಸ್ ಮೇಲೆ ಹಾದು ಹೋಗೋ ಲೋಹದ ಕ್ಲಿಪ್ ಇಲ್ಲ ಅಲ್ವಾ?

ಚಾರ್ಜರ್68
ಇಲ್ಲ! ಹೇಗೆ ಗೊತ್ತಾಯ್ತು? ಪೇಂಟಿಗೆ ಬಿಚ್ಚಿದಾಗ ಯಾವುದೋ ಹಳೇ ಕ್ಲಾಂಪ್ ಅಂತ ಎಸೆದಿದಾರೆ. ಸೆಂಡರ್ ಪೈಪಿಗೆ ಅರ್ತ್ ಬರ್ತಿದ್ದದ್ದೇ ಆ ಕ್ಲಿಪ್ಪಿಂದ ಅಂತೆ, ಮಧ್ಯೆ ರಬ್ಬರ್ ಇದೆಯಲ್ಲ. ತಾತ್ಕಾಲಿಕವಾಗಿ ಎರಡು ಹೋಸ್ ಕ್ಲಾಂಪ್ ನಡುವೆ ತಂತಿ ಬಿಗಿದೀನಿ.

ಸ್ಪ್ಯಾನರ್ ಅಕ್ಕ
ಬಿಚ್ಚಿ ಪೇಂಟ್ ಮಾಡಿಸಿದ ಗಾಡಿಗಳಲ್ಲಿ ಹತ್ತಕ್ಕೆ ಎಂಟರಲ್ಲಿ ಅದು ಇರಲ್ಲ. ಹೊಸ ಕ್ಲಿಪ್ ಸಿಗುತ್ತೆ, ತರಿಸಿ ಹಾಕಿ. ಪೆಟ್ರೋಲ್ ಪಕ್ಕ ಸಡಿಲ ತಂತಿ ಬೇಡ.

ಬಿಗ್‌ಬ್ಲಾಕ್
ಗಡಿಯಾರ ಏನಾಯ್ತು?

ಚಾರ್ಜರ್68
ಸತ್ತೇ ಇದೆ, 4 ಗಂಟೆ 10 ನಿಮಿಷಕ್ಕೆ. 12 ವೋಲ್ಟ್ ಕೊಟ್ಟರೆ ಒಂದು ಸಲ ಟಕ್ ಅನ್ನುತ್ತೆ, ಅಷ್ಟೆ.

ಡಿಫ್ ಹುಳ
ಟಕ್ ಅಂದರೆ ಆಸೆ ಇದೆ. ಒಳಗಿರೋದು ಸ್ಪ್ರಿಂಗ್ ಗಡಿಯಾರ. ಸ್ಪ್ರಿಂಗ್ ಸಡಿಲ ಆದಾಗೆಲ್ಲ ಪಾಯಿಂಟ್ ಕೂಡಿ, ಕಾಯಿಲ್ ಅದನ್ನ ಒದ್ದು ಮತ್ತೆ ಬಿಗಿ ಮಾಡುತ್ತೆ. ಬ್ಯಾಟರಿ ಇಳಿದಾಗ ಒದೆಯೋ ಶಕ್ತಿ ಸಾಲದೆ ಪಾಯಿಂಟ್ ಕೂಡಿಕೊಂಡೇ ಉಳಿದು ಕಾಯಿಲ್ ಸುಡುತ್ತೆ. ನಿಮ್ಮದು ಸುಟ್ಟಿಲ್ಲ. ಪಾಯಿಂಟ್ ಸಣ್ಣ ಮರಳು ಕಾಗದದಲ್ಲಿ ಉಜ್ಜಿ, ಒಣಗಿದ ಎಣ್ಣೆ ತೊಳೆದು, ಗಡಿಯಾರದ ಎಣ್ಣೆ ಸೂಜಿ ಮೊನೆಯಲ್ಲಿ ಒಂದೊಂದು ಹನಿ ಬಿಡಿ. ಆಗಲೂ ನಡೆಯಲಿಲ್ಲ ಅಂದರೆ ಕ್ವಾರ್ಟ್ಜ್ ಯಂತ್ರ ಹಾಕಬಹುದು, ಮುಖ ಅದೇ ಇರುತ್ತೆ.

ಚಾರ್ಜರ್68
ಭಾನುವಾರ ಬಿಚ್ತೀನಿ. ಕ್ವಾರ್ಟ್ಜ್ ಬೇಡ ಅನ್ಸುತ್ತೆ, ಆ ಟಕ್ ಸದ್ದು ಚೆನ್ನಾಗಿದೆ.